ಮೂಗು ಮುಚ್ಚಿ ದಾಟುವ ನೀರು, ಜಗತ್ತಿನ ಜರ್ನಲ್‌ಗಳಲ್ಲಿ!

ನಾಯಂಡಹಳ್ಳಿ ಬಂತೆಂದರೆ ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತೇವಲ್ಲ, ಆ ಕಪ್ಪು ನೀರಿನ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಒಮ್ಮೆ ಟೈಪ್ ಮಾಡಿ. ವೃಷಭಾವತಿ. ಅಬ್ಬಾ! ಪುಟದ ಮೇಲೆ ಪುಟ, ಬರೀ ಸಂಶೋಧನೆ! ನೀರಿನಲ್ಲಿ ಕರಗಿದ ಆಮ್ಲಜನಕ, ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ, ಬಿಡದಿ ಬಳಿಯ ಬೈರಮಂಗಲ ಕೆರೆ, ಈ ನೀರುಂಡು ಬೆಳೆದ ಸೊಪ್ಪು ತರಕಾರಿಯೊಳಗಿನ ಸೀಸ, ಕ್ರೋಮಿಯಂ!

ಮಾಮೂಲಿ ಗೂಗಲ್‌ಗೆ ಕೇಳಿದರೆ ನೊರೆಯ ಫೋಟೊ, ಮಳೆಗಾಲದ ಸುದ್ದಿ, ಜೊತೆಗೆ ವೃಷಭಾವತಿನಗರದಲ್ಲಿ ಬಾಡಿಗೆ ಮನೆ. ಸ್ಕಾಲರ್‌ನ ಕಣ್ಣೇ ಬೇರೆ. ಖರಗ್‌ಪುರದ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ, ಸಹೋದ್ಯೋಗಿ ಅಲೆಕ್ಸ್ ವೆರ್ಸ್ಟಾಕ್ ಜೊತೆ ಸೇರಿ 2004ರ ನವೆಂಬರ್‌ನಲ್ಲಿ ಹೊರತಂದ ಈ ಶೋಧಯಂತ್ರ, ಪ್ರಬಂಧವನ್ನು ಯಾರು ಬರೆದರು, ಎಲ್ಲಿ ಅಚ್ಚಾಯಿತು, ಆಮೇಲೆ ಎಷ್ಟು ಮಂದಿ ಅದನ್ನು ಉಲ್ಲೇಖಿಸಿದರು ಎಂದು ತೂಗಿ ನೋಡಿ ಸಾಲು ಹಚ್ಚುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2006ರ ಒಂದು ಪ್ರಬಂಧ. ಅಹಿಪತಿ ಮತ್ತು ಪುಟ್ಟಯ್ಯ ಎಂಬ ಇಬ್ಬರು ವೃಷಭಾವತಿಯ ಪರಿಸರ ಲಕ್ಷಣಗಳ ಬಗ್ಗೆ ‘ಎನ್ವಿರಾನ್‌ಮೆಂಟಲ್ ಜಿಯಾಲಜಿ’ ಎಂಬ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಬರೆದದ್ದು. ನಮ್ಮ ಮೈಸೂರು ರಸ್ತೆಯ ನೀರು, ಅಂಥ ಕಡೆ! ಕೆಳಗೆ ಸಣ್ಣಕ್ಷರದಲ್ಲಿ ‘ಸೈಟೆಡ್ ಬೈ’ ಎಂದಿರುತ್ತದೆ. ಅದನ್ನು ಒತ್ತಿ! ಪ್ರಬಂಧದ ಕೊನೆಯ ಆಕರಗಳ ಪಟ್ಟಿ ನಮ್ಮನ್ನು ಹಳೆಯ ಓದಿಗೆ ಒಯ್ದರೆ, ಇದು ಮುಂದಕ್ಕೆ ಒಯ್ಯುತ್ತದೆ: ಆಮೇಲೆ ಯಾರ್ಯಾರು ಇದನ್ನು ಉಲ್ಲೇಖಿಸಿದರು, ಬೇರೆ ಯಾವ ಹೊಳೆಯ ಕಷ್ಟಕ್ಕೆ ನಮ್ಮ ಹೊಳೆಯ ಲೆಕ್ಕ ನೆರವಾಯಿತು, ಎಲ್ಲ! ನಿದ್ದೆ ಬಂದರೆ ಕೇಳಿ.

ಒಂದು ಗುಟ್ಟು. ಇಂಗ್ಲಿಷಿನಲ್ಲಿ ಹೆಸರು ಬರೆಯುವಾಗ ಕೊನೆಯ ‘ಎಚ್’ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ. ಬೇರೆಯದೇ ರಾಶಿ ಬೀಳುತ್ತದೆ. ಜರ್ನಲ್ಲು ದುಡ್ಡು ಕೇಳಿದರೆ (ಸರ್ಕಾರದ ದುಡ್ಡಿನಲ್ಲಿ ನಡೆದ ಸಂಶೋಧನೆಗೆ ಓದುಗ ಮತ್ತೆ ಯಾಕೆ ತೆರಬೇಕೋ!) ‘ಆಲ್ ವರ್ಷನ್ಸ್’ ಒತ್ತಿ ನೋಡಿ. ಲೇಖಕರು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಟ್ಟ ಪ್ರತಿ ಎಷ್ಟೋ ಸಲ ಪುಕ್ಕಟೆ ಸಿಗುತ್ತದೆ. ರಾಜಾಜಿನಗರಕ್ಕೆ ಕೂಗಳತೆಯ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಅದೇ, ಭಾರತೀಯ ವಿಜ್ಞಾನ ಸಂಸ್ಥೆ) ಅಂಥ ಭಂಡಾರ ತೆರೆದದ್ದು 2002ರಲ್ಲೇ, ಸ್ಕಾಲರ್ ಹುಟ್ಟುವ ಮೊದಲೇ!

ಇನ್ನು ಶೋಧಗಂಗಾ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್‌.ಡಿ ಪ್ರಬಂಧಗಳಿವೆ, ಲಾಗಿನ್ ಇಲ್ಲ, ಫೀಸಿಲ್ಲ, ಕನ್ನಡದಲ್ಲಿ ಬರೆದವೂ ಉಂಟು! ಕೆಂಗೇರಿ ದಾರಿಯ ಜ್ಞಾನಭಾರತಿಯ ಗ್ರಂಥಾಲಯದಲ್ಲಿ ರಟ್ಟು ಕಟ್ಟಿ ಕೂತಂಥ ಪ್ರಬಂಧಗಳು ಈಗ ಅಧ್ಯಾಯ ಅಧ್ಯಾಯವಾಗಿ ಮೊಬೈಲಿಗೆ ಇಳಿಯುತ್ತವೆ. ವಿಜಯನಗರದಿಂದ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಅಧ್ಯಾಯವನ್ನಾದರೂ ತಿರುವಿ ಹಾಕಬಹುದು. ಹುಡುಕಾಟವನ್ನು ಮಲ್ಲತ್ತಹಳ್ಳಿ ಕೆರೆಯ ಹೆಸರಿನಿಂದ ಶುರು ಮಾಡಿ.