ಮಗುಚಿ ನೋಡಬೇಕಾದ ಟೀಪಾಯಿ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ರಸೆಲ್ ಮಾರುಕಟ್ಟೆಯ ಆಸುಪಾಸಿನ ಗಲ್ಲಿಗಳ ಕಡೆ ನಡೆಯಿರಿ. ಹೂವಿನ ಮೂಟೆ, ಮೀನಿನ ನೀರು, ಕಬಾಬಿನ ಇದ್ದಿಲ ಹೊಗೆ, ಹಳೆ ಟೈರಿನ ರಬ್ಬರು, ಎಲ್ಲವೂ ಒಂದಾದ ಮೇಲೊಂದು ಮೂಗಿಗೆ ತಾಗಿ ಹಿಂದೆ ಸರಿಯುತ್ತವೆ. ಗುಜರಿ ಅಂಗಡಿಗಳ ನಡುವೆ ಇದ್ದಕ್ಕಿದ್ದಂತೆ ಸ್ಪಿರಿಟ್ಟಿನ ಘಾಟು ಬಂತೆಂದರೆ ಅಲ್ಲೇ ನಿಲ್ಲಿ. ಹಳೆಯ ಮರದ ಸಾಮಾನಿನ ಅಂಗಡಿ ಅಲ್ಲಿದೆ.

ಒಳಗೆ ಕಾಲಿಡಲು ಜಾಗ ಹುಡುಕಬೇಕು. ಕುರ್ಚಿಯ ಮೇಲೆ ಕುರ್ಚಿ ಸೂರಿನ ತನಕ ಏರಿದೆ. ಬೆತ್ತ ಹರಿದ ಸೋಫಾ, ತೋಟದ ಬಂಗಲೆಯ ಜಗುಲಿಯಿಂದ ಬಂದಿರಬಹುದಾದ ಉದ್ದ ಕೈಯ ಈಜಿಚೇರು, ಕನ್ನಡಿಯ ಅಂಚು ಕಪ್ಪಾದ ಡ್ರೆಸ್ಸಿಂಗ್ ಟೇಬಲ್ಲು. ಹೆಂಚಿನ ಸಂದಿನಿಂದ ಇಳಿದ ಬಿಸಿಲಕೋಲಿನಲ್ಲಿ ಮರದ ಪುಡಿ ಮೆಲ್ಲಗೆ ಸುತ್ತುತ್ತಿದೆ. ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತ ಪಾಲಿಶಿನವನೊಬ್ಬ ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅರಗಿನ ದ್ರಾವಣದಲ್ಲಿ ಅದ್ದಿ, ದೋಸೆಹಂಚಿಗೆ ಎಣ್ಣೆಬಟ್ಟೆ ಆಡಿಸುವ ಹಾಗೆ ಹಲಗೆಯ ಮೇಲೆ ಸುತ್ತು ಸುತ್ತಾಗಿ ಕೈಯಾಡಿಸುತ್ತಿದ್ದಾನೆ. ಒಂದು ಸುತ್ತು ಆರುವ ತನಕ ಬಿಡುತ್ತಾನೆ, ಮತ್ತೆ ಹಚ್ಚುತ್ತಾನೆ. ಒಳಗೆಲ್ಲೋ ಮರಳುಕಾಗದದ ಸರಸರ, ಹೊರಗೆ ಆಟೋ ಹಾರನ್ನು. ಹಜಾರದ ಸೋಫಾದ ಮುಂದೆ ಇಡಲು ನಾವು ಹುಡುಕಿ ಬಂದ ಟೀಪಾಯಿಗಳು ಈ ಎಲ್ಲ ರಾಶಿಯ ಬುಡದಲ್ಲಿ ಧೂಳು ಹೊದ್ದು ಕೂತಿವೆ.

ಇವೆಲ್ಲ ಎಲ್ಲಿಂದ ಬಂದವು ಎಂದು ಕೇಳಿದರೆ ಅಂಗಡಿಯ ಯಜಮಾನರು ಕೈಯೆತ್ತಿ ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್ ಎಂದು ದಿಕ್ಕು ದಿಕ್ಕು ತೋರಿಸುತ್ತಾರೆ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ಬೀಡುಬಿಟ್ಟ ಮೇಲೆ ಬೆಳೆದ ಬಡಾವಣೆಗಳ ಸೀಮೆ ಇದು. ಹೆಂಚಿನ ಮಾಡು, ಮಂಕಿಟಾಪ್ ಕಿಟಕಿ, ಸುತ್ತ ಕಾಂಪೌಂಡು ಇದ್ದ ಬಂಗಲೆಗಳು ಒಂದೊಂದೇ ಉರುಳಿ ಅಪಾರ್ಟ್‌ಮೆಂಟು ಏಳುತ್ತಿರುವಾಗ, ಹೊಸ ಫ್ಲಾಟಿನ ಬಾಗಿಲಲ್ಲಿ ತೂರದ ಸಾಮಾನು ಈ ಗಲ್ಲಿಗೆ ಇಳಿಯುತ್ತದೆ.

“ಪ್ಯೂರ್ ಬರ್ಮಾ ಟೀಕು ಸಾರ್, ಕೈ ಇಟ್ಟು ನೋಡಿ,” ಎನ್ನುತ್ತಾರೆ ಯಜಮಾನರು. ಆ ಮಾತಿನ ಹಿಂದೆ ಒಂದು ಕಾಲದ ದೊಡ್ಡ ವ್ಯಾಪಾರವಿದೆ. 1863ರಲ್ಲಿ ಶುರುವಾದ ಬಾಂಬೆ ಬರ್ಮಾ ಕಂಪನಿ ಬರ್ಮಾದ ಕಾಡಿನಿಂದ ತೇಗ ಇಳಿಸಿತು. ಆ ಕಂಪನಿಯ ಮರದ ತಕರಾರೇ ಬ್ರಿಟಿಷರು ಬರ್ಮಾದ ಮೇಲೆ ಹೂಡಿದ 1885ರ ಯುದ್ಧಕ್ಕೆ ನೆಪವಾಯಿತು. ಆದರೆ ನಮ್ಮ ದಾಂಡೇಲಿಯ ಕಾಡಿನಲ್ಲೂ ತೇಗವಿತ್ತು, 1840ರ ದಶಕದಲ್ಲೇ ಕೇರಳದ ನಿಲಂಬೂರಿನಲ್ಲಿ ತೇಗದ ನೆಡುತೋಪು ಎದ್ದಿತ್ತು. ಹಾಗಾಗಿ ಮರ ಯಾವ ಊರಿನದೆಂಬ ಚರ್ಚೆ ಬಿಡಿ. ಯಜಮಾನರನ್ನು ಒಂದೇ ಒಂದು ಕೇಳಿ: ಭಾಯ್, ಇದನ್ನು ಸ್ವಲ್ಪ ಮಗುಚಿ ತೋರಿಸ್ತೀರಾ?

ಪಾಲಿಶಿನವನು ಕೈ ಒರೆಸಿಕೊಂಡು ಬಂದು ಟೀಪಾಯಿಯನ್ನು ಗೋಣಿಚೀಲದ ಮೇಲೆ ತಲೆಕೆಳಗಾಗಿ ಇಡುತ್ತಾನೆ. ಬಗ್ಗಿ ನೋಡಿ. ಮೇಲಿನ ಹೊಳಪು ನಿನ್ನೆ ಹಚ್ಚಿದ್ದಿರಬಹುದು, ಅಡಿಭಾಗಕ್ಕೆ ಸಾಮಾನ್ಯವಾಗಿ ಯಾರೂ ಪಾಲಿಶ್ ಹಚ್ಚುವುದಿಲ್ಲ. ಅಲ್ಲಿ ಮರ ಮಾಸಿ, ಒಣಗಿ, ಕೈ ಆಡಿಸಿದರೆ ಉಳಿಯ ಸಣ್ಣ ಏರಿಳಿತ ಬೆರಳಿಗೆ ಸಿಗುತ್ತದೆ. ಅಡ್ಡಪಟ್ಟಿಯ ಮೂತಿ ಕಾಲಿನ ತೂತಿನೊಳಗೆ ಹೋಗಿ, ಮೇಲಿಂದ ಮರದ ಗೂಟ ಬಡಿದು ಬಿಗಿ ಮಾಡಿದ್ದರೆ ಕೈ ಬಲ್ಲ ಆಚಾರಿಯ ಕೆಲಸ. ತಿರುಪುಗಳ ತಲೆಯನ್ನೂ ನೋಡಿ. ಒಂದೇ ಗೀರಿನ ತಲೆಯಾದರೆ ಹಳೆಯದಿರಬಹುದು; ಕೂಡುಚಿಹ್ನೆಯ ತಲೆಯ ತಿರುಪು ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ನೂರು ವರ್ಷದ ಮೇಜೆಂದು ಹೇಳಿದ್ದರಲ್ಲಿ ಅದು ಕಂಡರೆ ಒಂದೋ ನಡುವೆ ರಿಪೇರಿಯಾಗಿದೆ, ಇಲ್ಲವೇ ಮೇಜೇ ಈಚಿನದು.

ದುಂಡು ಟೀಪಾಯಿಗೆ ಇನ್ನೊಂದು ಪರೀಕ್ಷೆ. ಟೇಪು ಹಿಡಿದು ಮರದ ಎಳೆಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. ಮರ ಒಣಗಿದಾಗ ಕುಗ್ಗುವುದು ಹೆಚ್ಚಾಗಿ ಎಳೆಯ ಅಡ್ಡಕ್ಕೆ. ಆದ್ದರಿಂದ ವರ್ಷಗಳು ಉರುಳಿದಂತೆ ದುಂಡಗಿದ್ದ ಹಲಗೆ ಕೂದಲೆಳೆಯಷ್ಟಾದರೂ ಅಂಡಾಕಾರವಾಗುತ್ತದೆ. ಕಾಲಿನ ಬುಡದಲ್ಲಿ ಸೂಜಿತೂತುಗಳಿದ್ದರೆ ಮೆಲ್ಲಗೆ ತಟ್ಟಿ. ತೂತಿನ ಒಳಗು ಕಪ್ಪಾಗಿದ್ದರೆ ಹುಳ ಎಂದೋ ಹೋಗಿದೆ. ಬೆಳ್ಳಗಿದ್ದು ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಈಗಲೂ ಒಳಗೇ ಇದೆ, ಅದನ್ನು ಮನೆಗೆ ತರಬೇಡಿ. ತೇಗದ ಚೇಗನ್ನು ಹುಳ ಸುಲಭಕ್ಕೆ ಮುಟ್ಟದು, ಹೊರಗಿನ ಬಿಳಿ ಪದರವನ್ನು ಮಾತ್ರ ಬಿಡದು.

ಕಾಲಿನ ತುದಿ ಕೂಡ ಮಾತಾಡುತ್ತದೆ. ಸೋಫಾದ ಮುಂದಿಡುವ ಈ ತಗ್ಗು ಮೇಜು ಪಶ್ಚಿಮದ ಮನೆಗಳಲ್ಲಿ ರೂಢಿಗೆ ಬಂದದ್ದೇ 19ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಹಿಂದಿನದು ಎಂದು ಮಾರುವ ಎಷ್ಟೋ ಟೀಪಾಯಿಗಳು ಎತ್ತರದ ಮೇಜಿನ ಕಾಲು ಕುಯ್ದು ಮಾಡಿದವು, ಇಲ್ಲವೇ ಹಳೆ ಬಾಗಿಲಿಗೆ ಕಾಲು ಕೂರಿಸಿದವು. ಕೆತ್ತನೆ ನಡುವಿಗೇ ಕಡಿದುಹೋಗಿ, ಕುಯ್ದ ಜಾಗ ಹೊಸ ಮರದಂತೆ ಕಂಡರೆ ಗುಟ್ಟು ರಟ್ಟಾಯಿತು. ಅದೂ ಬಳಕೆಗೆ ಬರುತ್ತದೆ, ಆದರೆ ಅದರ ಬೆಲೆ ಬೇರೆ.

ಮೂಲೆಯಲ್ಲಿ ಕರಿನೇರಳೆ ಎಳೆಯ ಬೀಟೆ ಟೀಪಾಯಿಯೊಂದಿದೆ. ಒಬ್ಬರೇ ಎತ್ತಲಾಗದಷ್ಟು ಭಾರ. ಬೀಟೆ ಸೇರಿರುವ ಇಡೀ ಮರಕುಲದ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ಕಟ್ಟುಪಾಡಿಗೆ ಒಳಪಟ್ಟಿದೆ. ಹೊಸದಕ್ಕಾಗಿ ಮರ ಬೀಳುವುದಕ್ಕಿಂತ ಇಂಥ ಹಳೆಯದೊಂದು ಮತ್ತೆ ಮನೆ ಸೇರುವುದು ಎಷ್ಟೋ ಮೇಲು. ಮೈಸೂರಿನ ಇನ್‌ಲೇ ಕೆಲಸದ ಹಲಗೆಯಾದರೆ ಬಿಳಿ ಚೂರುಗಳನ್ನು ದಿಟ್ಟಿಸಿ. ಹಿಂದೆ ಅಲ್ಲಿ ದಂತ ಕೂರಿಸುತ್ತಿದ್ದರು, ಇಂದು ದಂತದ ವ್ಯಾಪಾರ ಅಪರಾಧ. ವಿದೇಶದಲ್ಲಿರುವ ಮಗಳಿಗೆ ಕಳಿಸುವ ಆಸೆಯಿದ್ದರೆ ಇನ್ನೊಂದು ನೆನಪಿಡಿ: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ಇಂಥ ವಸ್ತುವನ್ನು ನಾವು ನೀವು ದೇಶದಾಚೆ ಸಾಗಿಸುವಂತಿಲ್ಲ.

ಮನೆಯ ಅಳತೆ ಜೇಬಿನಲ್ಲಿರಲಿ. ಸೋಫಾದ ಕೂರುವ ಎತ್ತರಕ್ಕಿಂತ ಒಂದೆರಡು ಅಂಗುಲ ತಗ್ಗು, ಅಂದರೆ 16ರಿಂದ 18 ಅಂಗುಲ ಸಾಕು. ಉದ್ದ ಸೋಫಾದ ಮೂರರಲ್ಲಿ ಎರಡು ಪಾಲು. ನಡುವೆ ಒಂದೂವರೆ ಅಡಿ ಬಿಟ್ಟರೆ ಕಾಫಿಯ ತಟ್ಟೆ ಹಿಡಿದವರು ಮೊಣಕಾಲು ತಾಗಿಸದೆ ದಾಟುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಮೂಲೆಗಳಿಲ್ಲದ ದುಂಡು ಟೀಪಾಯಿಯೇ ಒಳ್ಳೆಯದು.

ನನ್ನನ್ನು ಕೇಳಿದರೆ ಬಳ್ಳಿ-ಹಕ್ಕಿ ಕೆತ್ತನೆಯ, ಮಿರಮಿರ ಮಿಂಚುವ ಟೀಪಾಯಿಯನ್ನು ಬಿಟ್ಟು, ಗೋಡೆಗೆ ಒರಗಿದ ಸಾದಾ ತೇಗದ ದುಂಡು ಟೀಪಾಯಿಯನ್ನು ಆರಿಸುತ್ತೇನೆ. ಹಲಗೆಯ ಮೇಲೆ ಬಿಸಿ ಲೋಟಗಳ ಬಿಳಿ ಉಂಗುರಗಳಿವೆ. ಅರಗಿನ ಪದರಕ್ಕೆ ತೇವ ಇಳಿದ ಗುರುತು ಅದು, ಮರಕ್ಕೆ ಏನೂ ಆಗಿಲ್ಲ. ಮೆಷಿನ್ನಿನಲ್ಲಿ ಉಜ್ಜಿಸಿ ಹೊಸದು ಮಾಡಿಸಬೇಡಿ, ಮೇಲಿನ ಮಾಗಿದ ಬಣ್ಣವೇ ಹೋಗಿಬಿಡುತ್ತದೆ. ಒರೆಸಿ, ಮತ್ತೆ ಅರಗು ಹಚ್ಚಿಸಿದರೆ ಸಾಕು. ಒಂದು ಕಾಲು ಅಲ್ಲಾಡುತ್ತದೆ, ಅದಕ್ಕೂ ಹೆದರಬೇಕಿಲ್ಲ. ಆಗಿನ ಅಂಟು ಚರ್ಮ, ಮೂಳೆ ಬೇಯಿಸಿ ಮಾಡಿದ್ದು, ಬಿಸಿಗೂ ನೀರಿಗೂ ಬಿಡುತ್ತದೆ. ಗೂಟ ಕಿತ್ತು ಬಿಚ್ಚಿ ಮತ್ತೆ ಜೋಡಿಸಬಹುದು. ಮರದ ಪುಡಿ ಒತ್ತಿ ಮಾಡಿದ ಇಂದಿನ ಹಲಗೆ ನೀರು ಕುಡಿದು ಉಬ್ಬಿದರೆ ಅದಕ್ಕೆ ಮದ್ದಿಲ್ಲ. ಈ ಟೀಪಾಯಿಯನ್ನು ಮಾಡಿದ ಆಚಾರಿ ಮುಂದೊಮ್ಮೆ ಇನ್ನೊಬ್ಬ ಆಚಾರಿ ಬಿಚ್ಚುವುದಕ್ಕೂ ದಾರಿ ಇಟ್ಟೇ ಮಾಡಿದ್ದಾನೆ. ಚೌಕಾಸಿ ಮಾಡಿ, ಮಾಡಬೇಕಾದ್ದೇ. ಯಜಮಾನರು ಕೊನೆಯ ಬೆಲೆಗೆ ನಿಂತುಬಿಟ್ಟರೆ ಆ ದಾರಿಗೆಂದು ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.