ಹೆಸರನ್ನೇ ಬಿಟ್ಟ ಗಾಯಕ

1993ರ ಜೂನ್ 7. ಅಮೆರಿಕದ ಗಾಯಕ ಪ್ರಿನ್ಸ್‌ಗೆ ಅಂದು 35 ತುಂಬಿತು. ಅದೇ ದಿನ ಆತ ತನ್ನ ಹೆಸರು ಕೈಬಿಟ್ಟು, ಬಾಯಲ್ಲಿ ಹೇಳಲಾಗದ ಒಂದು ಚಿಹ್ನೆಯನ್ನು ಹೆಸರಾಗಿ ಇಟ್ಟುಕೊಂಡ. ಆ ಚಿಹ್ನೆ ಮುದ್ರಿಸಲೆಂದು ಪತ್ರಿಕೆಗಳಿಗೆ ಫ್ಲಾಪಿ ಡಿಸ್ಕ್‌ಗಳು ಹೋದವು!

ಹುಚ್ಚಾಟವೆಂದು ನಕ್ಕವರಿದ್ದರು. ಒಳಗಿದ್ದದ್ದು ಮಾತ್ರ ಅಪ್ಪಟ ವ್ಯವಹಾರದ ಜಗಳ.

ವಾರ್ನರ್ ಬ್ರದರ್ಸ್ ರೆಕಾರ್ಡ್ ಕಂಪನಿಯೊಡನೆ ಪ್ರಿನ್ಸ್ ಮೊದಲು ಸಹಿ ಹಾಕಿದ್ದು 1977ರಲ್ಲಿ. 1992ರ ಹೊಸ ಕರಾರು 10 ಕೋಟಿ ಡಾಲರಿನದೆಂದು ಪ್ರಚಾರವಾಯಿತು. ಆದರೆ ಆತ ಹಾಡುಗಳನ್ನು ಬರೆಯುತ್ತಿದ್ದ ವೇಗಕ್ಕೆ ಕಂಪನಿ ಬೆದರಿತು. ಒಂದರ ಹಿಂದೊಂದು ಆಲ್ಬಂ ಬಂದರೆ ಹಿಂದಿನದರ ಮಾರಾಟ ಬೀಳುತ್ತದೆ ಎಂಬುದು ಅದರ ಲೆಕ್ಕ. ಅದು ತೀರಾ ತಪ್ಪು ಲೆಕ್ಕವೂ ಅಲ್ಲ. ಇನ್ನೂ ದೊಡ್ಡ ತಕರಾರು ಮಾಸ್ಟರ್‌ಗಳದ್ದು, ಅಂದರೆ ಮೂಲ ಧ್ವನಿಮುದ್ರಣಗಳದ್ದು. ಹಾಡು ಕಟ್ಟಿದವನು, ಹಾಡಿದವನು, ವಾದ್ಯಗಳನ್ನೂ ಬಹುಪಾಲು ನುಡಿಸಿದವನು ಪ್ರಿನ್ಸ್. ಒಡೆತನ ಮಾತ್ರ ವಾರ್ನರ್‌ನದು. ಕೆನ್ನೆಯ ಮೇಲೆ ‘ಗುಲಾಮ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೇ ಆತ ವೇದಿಕೆ ಹತ್ತಿದ. ಕೋಟಿಗಟ್ಟಲೆ ಗಳಿಸುವವನ ಬಾಯಲ್ಲಿ ಆ ಮಾತು ಹಲವರಿಗೆ ಅತಿಯೆನಿಸಿತು.

1996ರಲ್ಲಿ ವಾರ್ನರ್‌ನಿಂದ ‘ಕೇಯಾಸ್ ಅಂಡ್ ಡಿಸಾರ್ಡರ್’ ಆಲ್ಬಂ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ, ಕರಾರಿನಿಂದ ಹೊರಬಂದ ಖುಷಿಗೆ, ಮೂರು ಡಿಸ್ಕ್‌ಗಳ ‘ಇಮ್ಯಾನ್ಸಿಪೇಷನ್’: 36 ಹಾಡು, ಮೂರು ಗಂಟೆ. ತಡೆಯುವವರು ಯಾರೂ ಇರಲಿಲ್ಲ.

2000ದಲ್ಲಿ ಹಳೆಯ ಹೆಸರು ಮರಳಿತು. ಮಾಸ್ಟರ್‌ಗಳ ಒಡೆತನಕ್ಕೆ 2014ರವರೆಗೆ ಕಾಯಬೇಕಾಯಿತು. ಅದೂ ವಾರ್ನರ್ ಜೊತೆಗೇ ಮಾಡಿಕೊಂಡ ಹೊಸ ಒಪ್ಪಂದದಿಂದ.