ಮೊಣಕೈ ಆಪರೇಷನ್ ಆಯ್ತು, ಚೆಂಡು ಎಸೆಯೋದು ಯಾವಾಗ?

“ನೀರಜ್ ಚೋಪ್ರಾ ಎಂಟೇ ತಿಂಗಳಲ್ಲಿ ಎಸೆದ, ನಾನೂ ಎಸೀತೀನಿ.”

ದುಬೈ, ಅಬುಧಾಬಿಯ ವಾರಾಂತ್ಯದ ಕ್ರಿಕೆಟಿಗರಲ್ಲಿ ಈ ಮಾತಿಗೆ ಬಲ ಜಾಸ್ತಿ. ಲೆಕ್ಕವೇನೋ ಹೆಚ್ಚುಕಡಿಮೆ ಸರಿ. 2019ರ ಮೇ 3ರಂದು ಮುಂಬೈಯಲ್ಲಿ ನೀರಜ್ ಬಲ ಮೊಣಕೈಗೆ ಆಪರೇಷನ್ ಆಯಿತು. ಪಟಿಯಾಲದಲ್ಲೂ ನಮ್ಮ ಬಳ್ಳಾರಿ ಸೀಮೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲೂ ಚೇತರಿಕೆಯ ತರಬೇತಿ ನಡೆಯಿತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಾವೆಲಿನ್ 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು.

ಆದರೆ ಅವರ ತೊಂದರೆ ಕೀಲಿನಲ್ಲಿ ಬೆಳೆದಿದ್ದ ಮೂಳೆಯ ಮುಳ್ಳು. ಹರಿದ ಲಿಗಮೆಂಟ್ ಮರುಜೋಡಣೆಯ ಕಥೆಯೇ ಬೇರೆ. ಅಲ್ಲಿ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತಂದು ಕಟ್ಟುತ್ತಾರೆ. ಅದಕ್ಕೆ ರಕ್ತನಾಳ ಹಬ್ಬಿ, ಲಿಗಮೆಂಟಿನ ಗುಣ ಬರಲು ತಿಂಗಳುಗಟ್ಟಲೆ ಬೇಕು. ಬೇಸ್‌ಬಾಲ್ ಪಿಚರ್‌ಗಳು ಪಂದ್ಯಕ್ಕೆ ಮರಳಲು ಸಾಮಾನ್ಯವಾಗಿ ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಹಿಡಿಯುತ್ತದೆ. ಇನ್ನು 2020ರಲ್ಲಿ ಯುಎಇಯಲ್ಲಿ ನಡೆದ ಐಪಿಎಲ್‌ನಲ್ಲಿ ಬೆಂಕಿಯುಗುಳಿದ ವೇಗಿ ಜೋಫ್ರಾ ಆರ್ಚರ್ ಅವರದು ಮೂರನೇ ಬಗೆ, ಮೂಳೆಯ ಬಿರುಕು. 2021ರಲ್ಲೇ ಎರಡು ಆಪರೇಷನ್. 2023ರ ಜನವರಿಯಲ್ಲಿ ಮರಳಿದರು, ಅದೇ ವರ್ಷ ಮೊಣಕೈ ಮತ್ತೆ ಕೈಕೊಟ್ಟಿತು.

ಹಾಗಾಗಿ ಎಷ್ಟು ತಿಂಗಳು ಎಂದು ಕೇಳುವ ಮೊದಲು ಯಾವ ಆಪರೇಷನ್ ಎಂದು ಕೇಳಬೇಕು. ರಜೆಗೆ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುವವರು ಬಿಲ್ಲನ್ನು ಇನ್ಶೂರೆನ್ಸಿಗಾಗಿ ಜೋಪಾನ ಮಾಡುತ್ತಾರೆ, ಆಪರೇಷನ್ ವಿವರದ ಹಾಳೆಯನ್ನು ಮರೆಯುತ್ತಾರೆ. ಏನು ಕಟ್ಟಿದ್ದಾರೆ, ಯಾವ ವಾರಕ್ಕೆ ಕೈಯನ್ನು ಎಷ್ಟು ಮಡಿಸಬಹುದು ಎಂಬುದು ಗೊತ್ತಿಲ್ಲದೆ ದುಬೈಯ ಫಿಸಿಯೊ ಏನು ಮಾಡಿಯಾರು?

“ಟಾಮಿ ಜಾನ್ ಆಪರೇಷನ್ ಮಾಡಿಸಿದರೆ ವೇಗ ಹೆಚ್ಚುತ್ತೆ.”

2023ರ ನವೆಂಬರ್‌ನಲ್ಲಿ ದುಬೈ ಕ್ರಿಕೆಟ್ ಸ್ಟೇಡಿಯಂಗೇ ಬೇಸ್‌ಬಾಲ್ ಬಂತು; ಈ ನಂಬಿಕೆಯ ತವರೂ ಬೇಸ್‌ಬಾಲೇ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಪಿಚರ್ ಟಾಮಿ ಜಾನ್ ಅವರ ಬಲಗೈಯ ಸ್ನಾಯುರಜ್ಜು ತೆಗೆದು ಎಡ ಮೊಣಕೈಯಲ್ಲಿ ಹರಿದ ಲಿಗಮೆಂಟಿನ ಜಾಗಕ್ಕೆ ಕಟ್ಟಿದರು. ಜಾನ್ ಮರಳಿದ್ದು 1976ರಲ್ಲಿ. ಅವರ 288 ಗೆಲುವುಗಳಲ್ಲಿ 164 ಬಂದದ್ದು ಆಮೇಲೆ. ಇಂಥ ಕಥೆ ಕೇಳಿದವರು ತಪ್ಪು ಪಾಠ ಕಲಿತರು. 2012ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ಪೆಟ್ಟಾಗದಿದ್ದರೂ ಆಟ ಸುಧಾರಿಸಲು ಈ ಆಪರೇಷನ್ ಮಾಡಿಸಬಹುದು ಎಂದವರು ಹೈಸ್ಕೂಲ್ ಆಟಗಾರರಲ್ಲಿ ಶೇ 51! ಹರಿದದ್ದನ್ನು ಕಟ್ಟುವುದಷ್ಟೇ ಅದರ ಕೆಲಸ. ಮರಳಿದವರ ವೇಗ ಹೆಚ್ಚಿದ್ದರೆ ವರ್ಷವಿಡೀ ಮಾಡಿದ ಕಾಲು, ಸೊಂಟ, ಭುಜದ ವ್ಯಾಯಾಮದ ಪಾಲೇ ಅದರಲ್ಲಿ ದೊಡ್ಡದು. ಎಸೆತದ ಬಲ ನೆಲದಿಂದ ಹೊರಡುತ್ತದೆ. ಮೊಣಕೈ ಅದನ್ನು ದಾಟಿಸುವ ಜಾಗ.

“ಎಣ್ಣೆ ಹಚ್ಚಿ ನೀವಿ, ಎಳೆದರೆ ಕೈ ನೆಟ್ಟಗಾಗುತ್ತೆ.”

ಮನೆಯ ಹಿರಿಯರ ಪ್ರೀತಿಯ ಸಲಹೆ, ಆದರೆ ಬೇಡ. ಮೊಣಕೈ ಬೇಗ ಬಿಗಿಯುವ ಕೀಲು. ಜೋರು ಮಾಡಿ ಎಳೆದರೆ ಊತ ಏರಿ ಇನ್ನಷ್ಟು ಬಿಗಿಯುತ್ತದೆ. ಮೆದು ಭಾಗದಲ್ಲಿ ಮೂಳೆ ಬೆಳೆಯುವುದೂ ಉಂಟು. ಕೈಗೆ ಹಾಕಿದ ಬ್ರೇಸ್ ಬಿಡುವ ಮಿತಿಯೊಳಗೆ ತಾನೇ ನಿಧಾನವಾಗಿ ಮಡಿಸಿ ಚಾಚುವುದೇ ದಾರಿ. ಕಿರುಬೆರಳು ಜೋಮು ಹಿಡಿದರೆ ತಡಮಾಡದೆ ವೈದ್ಯರಿಗೆ ಹೇಳಿ. ಆ ಬೆರಳಿನ ನರ ಮೊಣಕೈ ಪಕ್ಕದಲ್ಲೇ ಹಾದುಹೋಗುತ್ತದೆ.

“ನೋವಿಲ್ಲ, ಅಂದ್ರೆ ವಾಸಿಯಾಯ್ತು.”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ನೋವು ವಾರಗಳಲ್ಲಿ ಇಳಿಯುತ್ತದೆ, ಕಟ್ಟಿದ ರಜ್ಜು ಆಗಿನ್ನೂ ಎಳಸು. ಲಿಗಮೆಂಟ್ ಮರುಜೋಡಣೆ ಆದವರಿಗೆ ಸುಮಾರು ನಾಲ್ಕನೇ ತಿಂಗಳಿಗೆ ಮೊದಲ ಎಸೆತ, ಅದೂ ಹದಿನಾಲ್ಕು ಮೀಟರ್ ದೂರಕ್ಕೆ, ಮೆಲ್ಲಗೆ, ದಿನ ಬಿಟ್ಟು ದಿನ. ನೋವು ಕಂಡರೆ ಒಂದು ಮೆಟ್ಟಿಲು ಕೆಳಗೆ. ಬೌಂಡರಿಯಿಂದ ಕೀಪರ್ ಕೈಗೆ ನೇರ ಎಸೆತ ಪಟ್ಟಿಯ ಕೊನೆಯಲ್ಲಿ ಬರುವಂಥದ್ದು. “ನಾನು ಬ್ಯಾಟ್ಸ್‌ಮನ್ ಮಾತ್ರ” ಎನ್ನುವವರೂ ಫೀಲ್ಡಿಂಗ್ ಮಾಡಲೇಬೇಕಲ್ಲ!

ಯುಎಇಯಲ್ಲಿ ಈ ವೇಳಾಪಟ್ಟಿಗೊಂದು ವಿಚಿತ್ರ ತೊಡಕಿದೆ. ಮಕ್ಕಳ ಶಾಲೆಗೆ ಬೇಸಿಗೆ ರಜೆಯೆಂದು ಜುಲೈ, ಆಗಸ್ಟ್‌ನಲ್ಲಿ ಊರಿಗೆ ಹೋಗಿ ಆಪರೇಷನ್ ಮಾಡಿಸಿದವರಿಗೆ ನಾಲ್ಕನೇ ತಿಂಗಳು ತುಂಬುವುದು ನವೆಂಬರ್, ಡಿಸೆಂಬರ್‌ನಲ್ಲಿ. ಸೆಕೆ ಇಳಿದು ಮೈದಾನಗಳು ತುಂಬುವ ಹೊತ್ತು. ತಂಡಕ್ಕೆ ಹನ್ನೊಂದನೆಯವ ಸಿಗದೆ ಫೋನ್ ಬರುವ ಹೊತ್ತು. ಆ ಸೀಸನ್‌ನಲ್ಲಿ ಸ್ಕೋರ್ ಬರೆಯಿರಿ, ಅಂಪೈರಿಂಗ್ ಮಾಡಿ. ಮುಂದಿನ ಅಕ್ಟೋಬರ್‌ನಲ್ಲಿ ಪಾಯಿಂಟ್‌ನಲ್ಲಿ ನಿಲ್ಲಬಹುದೇ, ಡೀಪ್‌ನಲ್ಲೇ ನಿಲ್ಲಬಹುದೇ ಎಂಬುದನ್ನು ನಿಮ್ಮ ಸರ್ಜನ್ನೂ ಫಿಸಿಯೊವೂ ಕೈ ನೋಡಿ ಹೇಳಲಿ.